ಇಂದಿನ ಧಮ್ಮ ಚಿಂತನೆ: ಬೆಳ್ಳಿ ಬಾಲ



ಮೊನ್ನೆ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ಆಕಾಶದಲ್ಲಿ ಒಡೆಯೋ ಪಟಾಕಿಯ ಕೆಂಪು ಚುಕ್ಕಿ ಬೇಗ ಆರಿಹೋಗುತ್ತೆ. ಅದರ ಹಿಂದಿನ ಬೆಳ್ಳಿ ಬಾಲ ಮಾತ್ರ ಯಾಕೆ ಅಷ್ಟು ಹೊತ್ತು ಇರುತ್ತೆ?" ನಾನು ಕನ್ನಡ ಮೇಷ್ಟ್ರು. ವಿಜ್ಞಾನದ ಮೇಡಂ ಅವರನ್ನು ಕೇಳಿ ತಿಳಿದು ನಿನ್ನೆ ಹೇಳಿದೆ.

ಚುಕ್ಕಿ ಅಂದರೆ ಮದ್ದಿನ ಸಣ್ಣ ಉಂಡೆ. ಕೆಂಪು ಬರುವುದು ಸ್ಟ್ರಾನ್ಷಿಯಂ ಲವಣದಿಂದ. ಆ ಬಣ್ಣ ಇರುವುದು ಜ್ವಾಲೆಯಲ್ಲಿ. ಉಂಡೆ ಉರಿದು ಮುಗಿದರೆ ಬಣ್ಣವೂ ಮುಗಿಯಿತು. ಬಾಲದ ಕಥೆ ಬೇರೆ. ಅದು ಅಲ್ಯೂಮಿನಿಯಂ ಇಲ್ಲವೇ ಟೈಟಾನಿಯಂ ಲೋಹದ ಚೂರು. ಹಿಟ್ಟಿನಂತೆ ನುಣ್ಣಗಿದ್ದರೆ ಉಂಡೆಯ ಬಳಿಯೇ ಫಕ್ಕನೆ ಉರಿದುಹೋಗುತ್ತದೆ. ರವೆಯಂತೆ ದಪ್ಪಗಿದ್ದರೆ ಉಂಡೆಯಿಂದ ಕಳಚಿಕೊಂಡು, ಗಾಳಿಯ ಆಮ್ಲಜನಕ ಹೀರುತ್ತ, ಬೀಳುತ್ತ ಬೀಳುತ್ತ ನಿಧಾನಕ್ಕೆ ಉರಿಯುತ್ತದೆ. ಹಾಗಂತ ಲೋಹ ಜಾಸ್ತಿಯಾದರೆ ಬಿಳಿ ಬೆಳಕು ಕೆಂಪನ್ನೇ ನುಂಗಿಬಿಡುತ್ತದೆ.

ಅಂದರೆ ಬಾಲ ಎಂಬ ಒಂದು ವಸ್ತು ಅಲ್ಲಿ ಇಲ್ಲವೇ ಇಲ್ಲ. ಇರುವುದು ಹುಟ್ಟಿ ಆರುವ ಬಿಡಿಬಿಡಿ ಕಿಡಿ. ಪೋಣಿಸುವುದು ನಮ್ಮ ಕಣ್ಣು. ಭಂತೆ ನಾಗಸೇನರು ಮಿಲಿಂದ ರಾಜನಿಗೆ ರಾತ್ರಿಯಿಡೀ ಉರಿಯುವ ದೀಪದ ಉದಾಹರಣೆ ಕೊಟ್ಟು, ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಏನು ಎಂದು ಕೇಳಿದ್ದು ಇದನ್ನೇ. ಹುಡುಗನಿಗೆ ಬಹಳ ಖುಷಿಯಾಯಿತು.

ನನ್ನ ಖುಷಿ ಸಂಜೆಯವರೆಗೆ ಉಳಿಯಲಿಲ್ಲ. ಗಯಾಸೀಸದಲ್ಲಿ ಭಗವಾನರು ಉಪದೇಶಿಸಿದ್ದು ಅಗ್ನಿಪೂಜೆ ಬಿಟ್ಟು ಬಂದ ಸಾವಿರ ಜಟಿಲರಿಗೆ. ಬೆಂಕಿ ಕುಂಡದಲ್ಲಷ್ಟೇ ಇಲ್ಲ, ನೋಡುವ ಕಣ್ಣಿಗೇ ರಾಗ, ದ್ವೇಷ, ಮೋಹದ ಬೆಂಕಿ ಹತ್ತಿದೆ ಎಂದು ತಿಳಿಸಿದರು. ಇಷ್ಟು ವರ್ಷ ಬೆಳ್ಳಿ ಬಾಲ ನೋಡಿದ ನನ್ನ ಕಣ್ಣು ಅದರ ಹಿಂದಿನ ಕೈಗಳನ್ನು ನೋಡಿರಲಿಲ್ಲ. ಶಿವಕಾಶಿಯಲ್ಲಿ ಮದ್ದು ತುಂಬುವವರ ಕೈಗೆ ಅಲ್ಯೂಮಿನಿಯಂ ಪುಡಿ ಮೆತ್ತಿ ಕೈಯೇ ಬೆಳ್ಳಿಯಾಗಿರುತ್ತದೆ. 2023ರ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯಲ್ಲೇ ಪಟಾಕಿ ದಾಸ್ತಾನಿಗೆ ಬೆಂಕಿ ಬಿತ್ತಲ್ಲ, ಸತ್ತವರಲ್ಲಿ ಹಬ್ಬದ ಸೀಸನ್ನಿನ ಕೂಲಿಗೆಂದು ತಮಿಳುನಾಡಿನಿಂದ ಬಂದ ಯುವಕರಿದ್ದರು. ಕೆಲವರು ಇನ್ನೂ ಓದುತ್ತಿದ್ದವರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಅಕ್ಕನ ಮಗ ಹದಿನೈದು ದಿನ ಪಟಾಕಿ ಗೋಡೌನಿಗೆ ಹೋಗುತ್ತಾನಂತೆ. ಕಾಲೇಜಿನ ಫೀಸು ಬಾಕಿ. "ಮಾವ, ಧಮ್ಮದಲ್ಲಿ ಇದಕ್ಕೆ ಅಡ್ಡಿ ಇದೆಯಾ?" ಎಂದು ಕೇಳಿದ. ಉಪಾಸಕರು ಮಾಡಬಾರದೆಂದು ಭಗವಾನರು ಹೇಳಿದ ಐದು ವ್ಯಾಪಾರಗಳಲ್ಲಿ ಶಸ್ತ್ರ, ವಿಷ ಇವೆ, ಪಟಾಕಿ ಇಲ್ಲ. ಪಟ್ಟಿಯಲ್ಲಿಲ್ಲ, ಹೋಗು ಅನ್ನುವುದು ನನ್ನಂಥ ವ್ಯಾಕರಣದವರ ಬುದ್ಧಿ. ಬಾಬಾಸಾಹೇಬರು ಸಮ್ಮಾ ಆಜೀವ ಎಂದರೆ ಇತರರಿಗೆ ನೋವು, ಅನ್ಯಾಯ ಮಾಡದ ಗಳಿಕೆ ಎಂದು ವಿವರಿಸುತ್ತಾರೆ. ಈ ಹುಡುಗ ಯಾರಿಗೂ ನೋವು ಮಾಡುತ್ತಿಲ್ಲ. ನೋವು ಆಗುವುದಿದ್ದರೆ ಅವನಿಗೇ. ಹಾಗಿದ್ದರೆ ಪ್ರಶ್ನೆ ಕೇಳಬೇಕಾದದ್ದು ಅವನನ್ನೋ, ಅವನ ಫೀಸು ಬಾಕಿ ಇರುವಾಗ ಸುಮ್ಮನಿದ್ದ ನನ್ನನ್ನೋ?

ಚೀಟಿ ದುಡ್ಡಿನಲ್ಲಿ ಅರ್ಧ ಕೊಡುತ್ತೇನೆ ಅಂದಿದ್ದೇನೆ. ಅಕ್ಕ ಬೇಡ ಅನ್ನುತ್ತಿದ್ದಾಳೆ. ಭಾನುವಾರ ಸಂಜೆ ಅವನನ್ನೂ ವಿಹಾರಕ್ಕೆ ಕರೆದುಕೊಂಡು ಬರುತ್ತೇನೆ, ನೀವೂ ಬನ್ನಿ, ಕೂತು ಮಾತಾಡೋಣ.

ಜೈ ಭೀಮ್.