ಪಟದ ಹಿಂದಿನ ‘ಅಂತೆ’

ಕೌದಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ, ಮಾದಪ್ಪನ ಪಟದ ಮಗ್ಗುಲಿಗೇ, ಒಂದು ಹಳೆಯ ಫೋಟೊ ಇದೆ. ಅದರಲ್ಲಿ ಐದು ಜನ. ನಡುವೆ ಕುರ್ಚಿಯಲ್ಲಿ ಮಿಲಿಟರಿ ಉಡುಪಿನ ಯುವಕ, ಟೋಪಿ ತೊಡೆಯ ಮೇಲಿದೆ. ಅವನ ಒಂದು ಬದಿಗೆ ರುಮಾಲು ಸುತ್ತಿದ ಹಿರಿಯರು. ಇನ್ನೊಂದು ಬದಿಗೆ ಕೂಸು ಎತ್ತಿಕೊಂಡ ಹೆಂಗಸು. ಅವರಿಂದ ಆಚೆಗೆ, ಅರ್ಧ ತೋಳು ಚೌಕಟ್ಟಿನೊಳಗೆ ಮರೆಯಾಗಿ, ಮತ್ತೊಬ್ಬ ಹೆಂಗಸು. ಹಿಂದೆ ಸ್ಟುಡಿಯೋದ ಪರದೆ; ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲೂ ಇಲ್ಲದ ಕಂಬ, ಮೆಟ್ಟಿಲು, ಹೂಕುಂಡ. ರಟ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ‘1943’ ಎಂದಿದೆ. ಅದರ ಕೆಳಗೆ, ಎಷ್ಟೋ ವರ್ಷಗಳ ನಂತರ ಬಾಲ್‌ಪೆನ್ನಿನಲ್ಲಿ ಬರೆದದ್ದು: ‘ಮಾದಪ್ಪ, ಮಿಲ್ಟ್ರಿ’.

ಆ ಹೆಸರಿನಿಂದ ನಮ್ಮೂರಲ್ಲಿ ಯಾರನ್ನೂ ಗುರುತಿಸಲಾಗದು. ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಹನೂರು ದಾಟಿ ನಮ್ಮೂರ ಮೇಲೆ ಹಾದೇ ತಾಳಬೆಟ್ಟ ಸೇರುವುದು. ಇಲ್ಲಿ ಮನೆಗೊಬ್ಬ ಮಾದಪ್ಪ, ಮಾದಯ್ಯ, ಮಾದೇವ, ಮಾದಮ್ಮ. ಚಿಕ್ಕಲ್ಲೂರಿನ ಕಡೆಗೆ ಹೋದರೆ ಸಿದ್ದಯ್ಯ, ರಾಚಯ್ಯ. ಯಳಂದೂರಿನ ಕಡೆಗೆ ಬಿಳಿಗಿರಿರಂಗನ ಹೆಸರಿನವರು. ಸಾಲದ್ದಕ್ಕೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ದೇವರ ಮೇಲಿನ ಪ್ರೀತಿಯಿಂದ ಇಟ್ಟ ಹೆಸರು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲಿಕ್ಕೆ ಇಟ್ಟದ್ದಾಗಿರುವುದಿಲ್ಲ.

ಹೋದ ಸಲ ಊರಿಗೆ ಹೋದಾಗ ಆ ಫೋಟೊ ಇಳಿಸಿ, ಎಂಬತ್ತು ದಾಟಿದ ನಮ್ಮ ಸೋದರತ್ತೆಯ ಕೈಗೆ ಕೊಟ್ಟೆ. ಅತ್ತೆ ಜಗಲಿಯ ಬೆಳಕಿಗೆ ಹಿಡಿದು, ಸೆರಗಿನಿಂದ ಗಾಜು ಒರೆಸಿ, ಬೆರಳಿಟ್ಟು ಹೇಳಿದರು. ಕೂಸು ಎತ್ತಿಕೊಂಡವರ ಮೇಲೆ ಬೆರಳಿಟ್ಟಾಗ, “ಇದು ನಮ್ಮವ್ವ.” ರುಮಾಲಿನವರ ಮೇಲೆ, “ನಮ್ಮ ತಾತ ಇರ್ಬೇಕು.” ಯೂನಿಫಾರಮ್ಮಿನವನ ಮೇಲೆ, “ನಮ್ಮ ಚಿಕ್ಕಪ್ಪನಂತೆ ಕನಪ್ಪ. ನಾ ನೋಡ್ನಿಲ್ಲ. ಅವ್ವ ಹೇಳೋಳು.” ಆಮೇಲೆ ಕೂಸನ್ನು ತೋರಿಸಿ, “ಇದು ನಾನಂತೆ” ಅಂದರು.

ಆ ಒಂದೇ ಕ್ಷಣದಲ್ಲಿ ಚಿಕ್ಕಪ್ಪನೂ ಕೂಸೂ ಒಂದೇ ಪರದೆಯ ಮುಂದೆ ಒಂದು ಮೊಳದ ಅಂತರದಲ್ಲಿದ್ದಾರೆ. ಆದರೂ ಅತ್ತೆ ‘ನಾ ನೋಡ್ನಿಲ್ಲ’ ಅನ್ನುತ್ತಾರೆ, ಮತ್ತು ಅದು ಸರಿ. ತಾನೇ ಆಗಿರುವ ಕೂಸನ್ನು ಕೂಡ ‘ಅಂತೆ’ ಸೇರಿಸದೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಓದು ಬರಹ ಬಾರದ ಅತ್ತೆ ತಮಗೆ ಏನು ಗೊತ್ತು, ಅದು ಹೇಗೆ ಗೊತ್ತು ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು.

ನಾನು ಮಾಡಿದ್ದು ಬೇರೆ. ಇದಕ್ಕೆ ಕೆಲವು ವರ್ಷ ಮೊದಲು ಮನೆಯ ಒಂದು ಮದುವೆಗೆಂದು ಆ ಫೋಟೊ ದೊಡ್ಡದು ಮಾಡಿಸಿ, ಕೆಳಗೆ ‘ನಮ್ಮ ತಾತನ ತಮ್ಮ’ ಎಂದು ಅಚ್ಚು ಹಾಕಿಸಿ ನಾಲ್ಕು ಮನೆಗೆ ಹಂಚಿದ್ದೆ. ಅತ್ತೆಯ ಬಾಯಿಂದ ಆ ಮಾತು ಮೊದಲೂ ಕೇಳಿದ್ದವನೇ ನಾನು. ಬಾಯಿಂದ ಕಾಗದಕ್ಕೆ ಬರುವಷ್ಟರಲ್ಲಿ ‘ಅಂತೆ’ ಉದುರಿಹೋಗಿತ್ತು. ಹಳೆಯ ಫೋಟೊದಲ್ಲಿ ಬಂಧುಗಳನ್ನು ಗುರುತಿಸುವ ಕೆಲಸದ ತಪ್ಪೆಲ್ಲ ಈ ಎರಡಕ್ಷರ ಉದುರುವಲ್ಲೇ ಇದೆ ಎಂದು ಈಗ ನನಗೆ ಅನ್ನಿಸುತ್ತದೆ.

ನಮ್ಮ ಭಾಷೆಯ ‘ಅಂತೆ’ಗೆ ಎರಡು ಕೆಲಸ. ‘ಅವನು ರಾಜನಂತೆ’ ಎಂದು ಬರೆದರೆ, ಅವನು ರಾಜನೆಂದು ಜನ ಹೇಳುತ್ತಾರೆ ಎಂದೂ ಆಗುತ್ತದೆ, ಅವನು ರಾಜನ ಹಾಗಿದ್ದಾನೆ ಎಂದೂ ಆಗುತ್ತದೆ. ಮಾತಿನಲ್ಲಾದರೆ ಹೋಲಿಕೆಗೆ ‘ಹಂಗೆ’, ‘ತರ’ ಅಂದು ಬೇರೆ ಮಾಡುತ್ತೇವೆ. ಬರಹದಲ್ಲಿ ಎರಡಕ್ಕೂ ಒಂದೇ ರೂಪ. ಹಳೆಯ ಫೋಟೊದ ಮುಂದೆ ನಿಂತವರಿಗೆ ಇರುವ ಆಧಾರಗಳೂ ಹೆಚ್ಚುಕಡಮೆ ಇವೆರಡೇ: ಯಾರೋ ಹೇಳಿದ್ದು, ಮತ್ತು ಯಾರದೋ ಹೋಲಿಕೆ.

ಹೋಲಿಕೆಯನ್ನು ನಾವು ಬಹಳ ನಂಬುತ್ತೇವೆ. “ಮೂಗು ನೋಡಿ, ನಮ್ಮ ಅಪ್ಪಂದೇ” ಎಂದು ಯಾರಾದರೂ ಅಂದರೆ ಮುಗಿಯಿತು. ನಮ್ಮ ತರ್ಕಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಎಳೆಎಳೆಯಾಗಿ ಬಿಡಿಸಿದ್ದಾರೆ. ‘ಆ ದೇವದತ್ತನೇ ಈತ’ ಎಂಬ ಅರಿವಿಗೆ ಅವರು ಪ್ರತ್ಯಭಿಜ್ಞೆ ಎಂದರು. ಅದು ಹುಟ್ಟಬೇಕಾದರೆ ದೇವದತ್ತನನ್ನು ಮೊದಲು ಕಂಡಿರಬೇಕು. ಅತ್ತೆ ‘ಇದು ನಮ್ಮವ್ವ’ ಅಂದದ್ದು ಅದು. ಆ ಮುಖವನ್ನು ಅವರು ಮುಪ್ಪಿನವರೆಗೂ ಕಂಡವರು. ಕಾಣದವರಿಗೆ ಇರುವ ದಾರಿ ಉಪಮಾನ. ಅದಕ್ಕೆ ನೈಯಾಯಿಕರು ಕೊಡುವ ಉದಾಹರಣೆ ಗವಯದ್ದು. ಹಸುವಿನ ಹಾಗೆ ಇರುವ ಕಾಡುಪ್ರಾಣಿ ಗವಯ ಎಂದು ಕೇಳಿ ತಿಳಿದವನು, ಕಾಡಿನಲ್ಲಿ ಅಂಥದ್ದನ್ನು ಕಂಡಾಗ ಇದೇ ಗವಯ ಎಂದು ಅರಿಯುತ್ತಾನೆ. ಸರಿಯಾದ ಮಾತು. ಆದರೆ ಅವನಿಗೆ ಗೊತ್ತಾದದ್ದು ಅದು ಯಾವ ಜಾತಿಯ ಪ್ರಾಣಿ ಎಂಬುದು. ಆ ಹಿಂಡಿನಲ್ಲಿ ಅದು ಯಾವುದು ಎಂಬುದಲ್ಲ. ಮೂಗಿನ ಹೋಲಿಕೆಯೂ ಅಷ್ಟನ್ನೇ ಹೇಳಬಲ್ಲದು. ಅದು ಅಣ್ಣನಿಗೂ ಇದೆ, ತಮ್ಮನಿಗೂ ಇದೆ, ಸೋದರತ್ತೆಯ ಮಗನಿಗೂ ಇದೆ. ಇವನು ನಮ್ಮವನು ಎನ್ನುವವರೆಗೆ ಮೂಗು ಸಾಕ್ಷಿ. ಇಂಥವನು ಎನ್ನಲು ಅದಕ್ಕೆ ಅಧಿಕಾರವಿಲ್ಲ.

ಇದು ಬರೀ ನಮ್ಮಂಥ ದಾಖಲೆಯಿಲ್ಲದ ಮನೆಗಳ ಪಾಡು ಎಂದು ತಿಳಿಯಬೇಡಿ. ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು, 1945ರ ಫೆಬ್ರುವರಿ 23ರಂದು ಇವೋ ಜಿಮಾ ದ್ವೀಪದಲ್ಲಿ ಜೋ ರೊಸೆಂಥಾಲ್ ತೆಗೆದದ್ದು. ಆರು ಜನ ಅಮೆರಿಕನ್ನರು ಬಾವುಟ ನೆಡುತ್ತಿರುವ ಆ ಚಿತ್ರ ಅಂಚೆಚೀಟಿಯಾಯಿತು, ಕಂಚಿನ ಪ್ರತಿಮೆಯಾಯಿತು. ಆ ಆರು ಹೆಸರುಗಳನ್ನು ಅಲ್ಲಿನ ಸೇನೆಯೇ ಮೂರು ಸಲ ತಿದ್ದಬೇಕಾಯಿತು: 1947ರಲ್ಲಿ, 2016ರಲ್ಲಿ, 2019ರಲ್ಲಿ. ಚಿತ್ರದಲ್ಲಿದ್ದಾನೆಂದು ದಶಕಗಳ ಕಾಲ ನಂಬಲಾಗಿದ್ದ ಜಾನ್ ಬ್ರಾಡ್ಲಿ ಅದರಲ್ಲಿ ಇರಲೇ ಇಲ್ಲ. ಅದೇ ದಿನ ಮೊದಲು ಏರಿಸಿದ ಇನ್ನೊಂದು ಬಾವುಟದ ಬಳಿ ಇದ್ದವನು. ನಿಜವಾಗಿ ಇದ್ದ ಹೆರಾಲ್ಡ್ ಶುಲ್ಟ್ಸ್ ಹೆಸರು ಹೊರಬರುವ ಹೊತ್ತಿಗೆ, ಆತ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು. ಆದರೆ ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಬ್ಬ ತಾಯಿ. ಹಾರ್ಲನ್ ಬ್ಲಾಕ್ ಎಂಬ ಸೈನಿಕನ ಮುಖ ಆ ಚಿತ್ರದಲ್ಲಿ ಕಾಣುವುದಿಲ್ಲ, ಬಗ್ಗಿದ ಬೆನ್ನು ಮಾತ್ರ ಕಾಣುತ್ತದೆ. ಪತ್ರಿಕೆಯಲ್ಲಿ ಅದನ್ನು ಕಂಡ ಕೂಡಲೇ ತಾಯಿ, ಇವನು ನನ್ನ ಮಗ ಅಂದಳು. ಅಲ್ಲ, ಅದು ಬೇರೆಯವನು ಎಂದು ಎಲ್ಲರೂ ಹೇಳಿದರೂ ಬಿಡಲಿಲ್ಲ. 1947ರ ತಿದ್ದುಪಡಿ ಅವಳ ಮಾತನ್ನೇ ಎತ್ತಿಹಿಡಿಯಿತು. ಕಂಡವರ ಕಣ್ಣಿಗೆ ಬೆನ್ನೂ ಸಾಕು. ಕಾಣದ ನಮಗೆ ಮುಖ ಪೂರ್ತಿ ಇದ್ದರೂ ಸಾಲದು.

ಇನ್ನು ಊಹೆ. ಅಂಚಿನಲ್ಲಿರುವ ಹೆಂಗಸನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಯಾರೋ ಗಂಡ ಸತ್ತು ತವರಿಗೆ ಬಂದವಳು’ ಅನ್ನುತ್ತಿದ್ದರು. ಕಾರಣ, ಹಣೆಯಲ್ಲಿ ಬೊಟ್ಟು ಕಾಣುವುದಿಲ್ಲ. ನಾನೂ ನಂಬಿದ್ದೆ. ಆಮೇಲೆ ಹಳೆಯ ಫೋಟೊಗಳ ಕೆಲಸ ಬಲ್ಲವರೊಬ್ಬರು ತಿಳಿಸಿ ಹೇಳಿದರು. ಸ್ಟುಡಿಯೋಗಳಲ್ಲಿ ಹಿಂದೆ ಬಹಳವಾಗಿ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯ ಪ್ಲೇಟಿಗೆ ಕೆಂಪು ಬಣ್ಣ ತಾಗುವುದೇ ಇಲ್ಲ, ಕಪ್ಪಾಗಿ ಬೀಳುತ್ತದೆ. ನಮ್ಮ ಮೈಬಣ್ಣವೂ ಅದರಲ್ಲಿ ಇರುವುದಕ್ಕಿಂತ ಕಪ್ಪಾಗುತ್ತದೆ. ಕಪ್ಪು ಹಣೆಯ ಮೇಲೆ ಕಪ್ಪಾದ ಕುಂಕುಮ ಕರಗಿಹೋಗಬಹುದು. ಜೊತೆಗೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುವವರಿದ್ದರು. ಮುಖದ ಸಿಡುಬಿನ ಕಲೆಯನ್ನು ಅಂದಕ್ಕಾಗಿ ಅಳಿಸುತ್ತಿದ್ದರು. ಊರವರು ಯಾವ ಕಲೆಯಿಂದ ಒಬ್ಬರನ್ನು ಗುರುತು ಹಿಡಿಯುತ್ತಿದ್ದರೋ ಅದೇ ಫೋಟೊದಲ್ಲಿ ಇರುತ್ತಿರಲಿಲ್ಲ. ಮುತ್ತೈದೆಯೊಬ್ಬಳನ್ನು ಇಷ್ಟು ವರ್ಷ ನಾವು ವಿಧವೆ ಮಾಡಿ ಕೂರಿಸಿದ್ದೆವೋ ಏನೋ. ಅದನ್ನು ನೆನೆದಾಗಲೆಲ್ಲ ನನಗೆ ಆಕೆಯ ಮುಖ ನೋಡಲು ಕಷ್ಟವಾಗುತ್ತದೆ.

ಯಳಂದೂರಿನ ನೆಂಟರ ಮನೆಯಲ್ಲೂ ಇದೇ ಫೋಟೊದ ಇನ್ನೊಂದು ಪ್ರತಿ ಇದೆ. ಅಲ್ಲಿ ಆ ಯುವಕ ಅವರ ಸೋದರಮಾವ. ಮೈಸೂರು ಮಹಾರಾಜರ ಪಡೆ ಸೇರಿ ಸಿಂಗಪುರದಲ್ಲಿ ಸಿಕ್ಕಿಬಿದ್ದವನಂತೆ. ಮಾತಿಗೆ ಆಧಾರವಿಲ್ಲದಿಲ್ಲ: 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಮೈಸೂರಿನ ಒಂದು ಕಾಲಾಳು ಪಡೆ ಅಲ್ಲಿತ್ತು. ಯಳಂದೂರು ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ನಮ್ಮ ಕೌದಳ್ಳಿ, ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಹಾಗಾಗಿ ಒಂದೇ ಬಳಗದ ಇಬ್ಬರು ಹುಡುಗರು ಬೇರೆ ಬೇರೆ ದೊರೆತನದ ಸೈನ್ಯ ಸೇರಿರಬಹುದು. ನಮ್ಮೂರವನ ಕಾಗದಪತ್ರ ಹುಡುಕುವವರು ಕೊಯಮತ್ತೂರಿನ ಹೆಸರಿನಡಿ ಹುಡುಕಬೇಕು. ಈಗಿನ ಚಾಮರಾಜನಗರ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಫೋಟೊದ ಬೆನ್ನಿಗಿರುವ 1943 ತೆಗೆದ ವರ್ಷವೇ ಆಗಿದ್ದರೆ, 1942ರಲ್ಲಿ ಸೆರೆಯಾದವನು ಇದರಲ್ಲಿರಲು ಸಾಧ್ಯವಿಲ್ಲ. ಆದರೆ ಅದು ಪ್ರತಿ ಮಾಡಿಸಿದ ವರ್ಷವಾಗಿದ್ದರೆ? ಪೆನ್ಸಿಲು ಹಿಡಿದವರು ಯಾರೆಂದು ಎಲ್ಲೂ ಬರೆದಿಲ್ಲ. ಊಹೆಯಿಂದ ಒಬ್ಬನನ್ನು ಕೆಲವು ಸಲ ಹೊರಗಿಡಬಹುದು, ಒಳಗೆ ತಂದು ಕೂರಿಸಲಾಗದು.

ಎರಡು ಮನೆಯೂ ಆ ಯುವಕನನ್ನು ತನ್ನವನು ಅನ್ನುತ್ತದೆ. ಅಂಚಿನ ಹೆಂಗಸನ್ನು ಎರಡೂ ಮನೆ ಕೇಳಿಲ್ಲ. ಇದನ್ನು ಒಪ್ಪಿಕೊಳ್ಳಬೇಕು: ಯಾರಾಗಿದ್ದರೆ ನಮಗೆ ಹೆಮ್ಮೆಯೋ ಅವರನ್ನೇ ನಾವು ಬೇಗ ಗುರುತಿಸುತ್ತೇವೆ.

ಈಚೆಗೆ ಮನೆಯ ಹುಡುಗನೊಬ್ಬ ಫೋನಿನಲ್ಲಿ ಈ ಫೋಟೊವನ್ನು ‘ಸ್ಪಷ್ಟ’ ಮಾಡಿ ಎಲ್ಲರಿಗೂ ಕಳಿಸಿದ. ಬಣ್ಣ ಬಂದಿತ್ತು. ಕಣ್ಣಿಗೆ ಹೊಳಪು, ಮೀಸೆಯ ಕೂದಲು ಕೂದಲೂ ಬಿಡಿಯಾಗಿತ್ತು. ಭುಜದ ಮೇಲಿನ ಮಸುಕು ಹಿತ್ತಾಳೆ ಅಕ್ಷರಗಳು ಯಾವ ಭಾಷೆಯೂ ಅಲ್ಲದ ಗೆರೆಗಳಾಗಿದ್ದವು. ಯಂತ್ರಕ್ಕೆ ಮೂಲದಲ್ಲಿ ಇಲ್ಲದ್ದು ಕಾಣುವುದಿಲ್ಲ. ಸಾವಿರಾರು ಬೇರೆ ಮುಖಗಳಿಂದ ಕಲಿತದ್ದನ್ನು ತುಂಬುತ್ತದೆ. ಅದು ‘ಹೀಗಿದ್ದರಂತೆ’ ಎಂದೂ ಹೇಳದು, ‘ಹೀಗಿರಬೇಕು’ ಎಂದೂ ಹೇಳದು. ಅತ್ತೆಗೆ ತೋರಿಸಿದರೆ ತಮ್ಮ ಅವ್ವನನ್ನೇ ಅವರು ಅದರಲ್ಲಿ ಗುರುತು ಹಿಡಿಯಲಿಲ್ಲ.

ತಪ್ಪಾದರೆ ಏನೀಗ ಎಂದು ಕೇಳುವವರಿದ್ದಾರೆ. ತೀರಿಹೋದವರು ಬಂದು ಕೇಳುವುದಿಲ್ಲ. ಯಾರನ್ನೋ ತಾತನ ತಮ್ಮ ಎಂದು ನಂಬಿ ಹೂ ಏರಿಸಿದರೆ ಆ ಭಕ್ತಿಗೆ ಕುಂದಿಲ್ಲ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಪಿತೃಪಕ್ಷದಲ್ಲಿ ನಾವು ಎಡೆ ಇಡುವುದನ್ನು ನೆನೆಯಿರಿ. ಹೆಸರು ಗೊತ್ತಿರುವ ಹಿರಿಯರಿಗೆ ಇಡುತ್ತೇವೆ, ಗೊತ್ತಿಲ್ಲದವರಿಗೂ ಸೇರಿಸಿಯೇ ಕೈಮುಗಿಯುತ್ತೇವೆ. ಭಕ್ತಿಗೆ ಹೆಸರು ಬೇಕಿಲ್ಲ ಎಂದಮೇಲೆ ಭಕ್ತಿಯ ನೆಪದಲ್ಲಿ ಹೆಸರು ಹುಟ್ಟಿಸುವ ಅಗತ್ಯವೂ ಇಲ್ಲ. ತಪ್ಪು ಹೆಸರಿನಿಂದ ಇಬ್ಬರಿಗೆ ಅನ್ಯಾಯವಾಗುತ್ತದೆ. ಆ ಮುಖದವನು ತನ್ನ ಹೆಸರು ಕಳೆದುಕೊಂಡ. ಆ ಹೆಸರಿನವನ ನಿಜವಾದ ಮುಖವನ್ನು ಇನ್ನು ಯಾರೂ ಹುಡುಕುವುದಿಲ್ಲ, ಏಕೆಂದರೆ ಅದು ಸಿಕ್ಕಿದೆ ಎಂದುಕೊಂಡಿದ್ದಾರೆ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಎಚ್ಚರವಿದ್ದವರು. ವೀರಗಲ್ಲುಗಳಲ್ಲಿ ಮುಖಗಳೆಲ್ಲ ಒಂದೇ ಅಚ್ಚಿನವು. ವ್ಯಕ್ತಿ ಯಾರೆಂದು ಹೇಳುವುದು ಕೆತ್ತಿದ ಅಕ್ಷರ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೋಡಿ. 949ರಲ್ಲಿ ನಡೆದ ತಕ್ಕೋಲದ ಯುದ್ಧದ ನಂತರ ಹಾಕಿಸಿದ್ದು. ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ ತನ್ನ ಒಡೆಯ ಬೂತುಗನಿಂದ ಬೇಡಿ ಪಡೆದದ್ದು ಒಂದು ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ ಸತ್ತಿತು, ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಹೆಸರನ್ನು ಬರೆಸಿದರು: ಕಾಳಿ. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ಗೊತ್ತು. ನಮ್ಮ ಫೋಟೊಗೆ ಇನ್ನೂ ನೂರು ವರ್ಷ ತುಂಬಿಲ್ಲ. ಹುಬ್ಬಿನ ಕೂದಲೂ ಕಾಣುವ ಮುಖವಿದೆ, ಹೆಸರಿಲ್ಲ.

ಅಂದು ಕೊನೆಗೆ ಅತ್ತೆಯನ್ನು ಅಂಚಿನ ಹೆಂಗಸಿನ ಬಗ್ಗೆ ಕೇಳಿದೆ. ಬಹಳ ಹೊತ್ತು ನೋಡಿದರು. “ಇವ್ಳು ಯಾರೋ, ನಾ ಕಾಣೆ” ಅಂದರು. ಹಳೆಯ ಬಾಲ್‌ಪೆನ್ನಿನ ಸಾಲನ್ನು ನಾನು ಹೊಡೆದುಹಾಕಲಿಲ್ಲ. ಒಂದು ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ, ದಿನಾಂಕ ಹಾಕಿ, ಅತ್ತೆ ಹೇಳಿದ್ದು ಎಂದು ಬರೆದು, ಅವರ ಐದು ಮಾತನ್ನೂ ಅವರು ಹೇಳಿದ ಹಾಗೆಯೇ ಇಳಿಸಿದೆ: ನಮ್ಮವ್ವ. ತಾತ ಇರ್ಬೇಕು. ಚಿಕ್ಕಪ್ಪನಂತೆ. ನಾನಂತೆ. ಕಾಣೆ. ಯಳಂದೂರಿನವರ ಮಾತನ್ನೂ ಕೆಳಗೆ ಸೇರಿಸಿದೆ. ಅದನ್ನು ಪಟದ ಹಿಂದೆ ಸಿಕ್ಕಿಸಿದ್ದೇನೆ. ಹಂಚಿದ ನಾಲ್ಕು ಪ್ರತಿಗಳಲ್ಲಿ ಮೂರನ್ನು ಕೇಳಿ ವಾಪಸು ತಂದಿದ್ದೇನೆ.

1943ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಮನೆಯ ಗೋಡೆಯಲ್ಲೂ ಅಂಥದ್ದೊಂದು ಫೋಟೊ ಇದ್ದರೆ ಇಳಿಸಿ, ಅವರ ಬಳಿಗೆ ಈ ವಾರವೇ ತೆಗೆದುಕೊಂಡು ಹೋಗಿ. ಅಂಚಿನಲ್ಲಿ ನಿಂತವರನ್ನು ಮೊದಲು ಕೇಳಿ.