ನಾಯಿಯ ಪಕ್ಕದಲ್ಲಿ ಕುಳಿತ ಮಗು

ಧರ್ಮರಾಯನ ಹಿಂದೆ ಕೊನೆಯವರೆಗೂ ನಡೆದ ನಾಯಿಯನ್ನು ನಾವೆಲ್ಲ ಬಲ್ಲೆವು. ಆದಿಪರ್ವದಲ್ಲೂ ಒಂದು ನಾಯಿಮರಿ ಬರುತ್ತದೆ. ಜನಮೇಜಯನ ತಮ್ಮಂದಿರು ಸರಮೆಯ ಮರಿಯನ್ನು ಯಜ್ಞಶಾಲೆಯಿಂದ ಹೊಡೆದು ಓಡಿಸುತ್ತಾರೆ. ತಾನು ಹವಿಸ್ಸನ್ನು ಮುಟ್ಟಿಲ್ಲ, ಅತ್ತ ನೋಡಿಯೂ ಇಲ್ಲವೆಂದು ಅದು ಅಳುತ್ತಾ ತಾಯಿಗೆ ಹೇಳುತ್ತದೆ. ತಾಯಿ ಬಂದು ಕಾರಣ ಕೇಳಿದಾಗ ಯಾರೂ ತುಟಿ ಬಿಚ್ಚುವುದಿಲ್ಲ. ಎಳೆಯ ಸಾಕ್ಷಿಯ ಮಾತು ಸಭೆಯವರೆಗೆ ಬಂದದ್ದು ಪಕ್ಕದಲ್ಲಿ ಒಬ್ಬರು ನಿಂತದ್ದರಿಂದ.

ಇಂದು ಅಡಿಲೇಡಿನಲ್ಲಿ ಈ ಕಥೆ ತಿರುವುಮುರುವಾಗಿದೆ. ಅಲ್ಲಿನ ಸರ್ಕಾರಿ ಪ್ರಾಸಿಕ್ಯೂಷನ್ ಕಚೇರಿಯಲ್ಲಿ ಝೀರೋ ಎಂಬ ತರಬೇತಿ ಪಡೆದ ನಾಯಿ ಸಾಕ್ಷಿ ಹೇಳಲು ಬಂದ ಮಕ್ಕಳಿಗೆ ಜೊತೆಯಾಯಿತು. ಪಶ್ಚಿಮ ಆಸ್ಟ್ರೇಲಿಯದ 1992ರ ಕಾಯಿದೆ ಮತ್ತು ಕ್ವೀನ್ಸ್‌ಲ್ಯಾಂಡಿನ 2003ರ ಕಾಯಿದೆ, ಮಗುವಿನ ಸಾಕ್ಷ್ಯವನ್ನು ವಿಚಾರಣೆಗೆ ಮೊದಲೇ ವಿಡಿಯೋದಲ್ಲಿ ದಾಖಲಿಸಲು ದಾರಿ ಮಾಡಿದವು. ನಮ್ಮ ದೇಶದ 2012ರ ಪೋಕ್ಸೋ ಕಾಯಿದೆಯೂ ಮಗು ಆರೋಪಿಯ ಎದುರಿಗೆ ನಿಲ್ಲಬಾರದು, ನಂಬಿದವರೊಬ್ಬರು ಹತ್ತಿರವಿರಬೇಕು ಎನ್ನುತ್ತದೆ.

ಇಲ್ಲೊಂದು ನೈತಿಕ ಪ್ರಶ್ನೆ ಏಳುತ್ತದೆ. ಮುದ್ದಾದ ನಾಯಿಯನ್ನು ಕಂಡು ಜ್ಯೂರಿಯ ಮನಸ್ಸು ಮಗುವಿನತ್ತ ವಾಲಿದರೆ ಆರೋಪಿಗೆ ಅನ್ಯಾಯವಲ್ಲವೇ? ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಇದನ್ನು ತೂಗಿ ನೋಡಿ ನಾಯಿಯ ಜೊತೆಗೆ ಅನುಮತಿಸಿತು. ಆ ಸಾಕ್ಷಿ ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ ಒಬ್ಬ ವಯಸ್ಕ. ನನಗೆ ತೋಚುವುದಿಷ್ಟು: ತಾಯಿ ಪಕ್ಕದಲ್ಲಿದ್ದರೆ ಮಗು ಅವಳ ಮುಖ ನೋಡಿ ಉತ್ತರ ಬದಲಿಸಬಹುದು. ನಾಯಿ ಹುಬ್ಬು ಗಂಟಿಕ್ಕುವುದಿಲ್ಲ, ಉತ್ತರ ಹೇಳಿಕೊಡುವುದಿಲ್ಲ. ಹೆದರಿ ಬಾಯಿ ಕಟ್ಟಿದ ಸಾಕ್ಷಿಯಿಂದ ನಿಜವೂ ಹೊರಬರದು, ಸುಳ್ಳೂ ಬಯಲಾಗದು. ಪಾಟಿ ಸವಾಲಿನ ಹಕ್ಕು ಆರೋಪಿಗೆ ಇದ್ದೇ ಇದೆ.

ಇದನ್ನು ಬರೆಯಲು ಕಾರಣ ನನ್ನದೇ ಒಂದು ಲೋಪ. ಹೌಸ್ ಸರ್ಜನ್ ಆಗಿದ್ದ ಕಾಲದಲ್ಲಿ ಒಂದು ರಾತ್ರಿ ಎಂಟು ವರ್ಷದ ಹುಡುಗಿಯನ್ನು ಕರೆತಂದರು. 'ಮೆಟ್ಟಿಲಿನಿಂದ ಬಿದ್ದಳು ಡಾಕ್ಟ್ರೇ' ಎಂದರು ಜೊತೆಗಿದ್ದ ಹಿರಿಯರು. ಹುಡುಗಿ ಅವರ ಮುಖ ನೋಡಿ ತಲೆಯಾಡಿಸಿದಳು. ಗಾಯಗಳು ಬಿದ್ದವರ ಗಾಯದಂತಿರಲಿಲ್ಲ. ಹಿರಿಯರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳುವುದು ನನ್ನ ಕರ್ತವ್ಯವಾಗಿತ್ತು. ನಾನು ಕೇಳಲಿಲ್ಲ. ಕೇಸ್ ಶೀಟಿನಲ್ಲಿ 'ಬಿದ್ದದ್ದು' ಎಂದೇ ಬರೆದೆ. ಆ ತಲೆಯಾಡಿಸಿದ ರೀತಿ ಇಂದಿಗೂ ಕಣ್ಣ ಮುಂದಿದೆ.

ನ್ಯಾಯಾಲಯದಲ್ಲಿ ನಾಯಿ ಮಾಡುವ ಕೆಲಸ ಮೊದಲು ಮನೆಯಲ್ಲಿ ನಮ್ಮದು. ಪರ್ತ್ ಇರಲಿ, ಬ್ರಿಸ್ಬೇನ್ ಇರಲಿ, ನಮ್ಮ ಕೂಟಗಳಲ್ಲಿ ಮಗುವೊಂದು 'ಆ ಅಂಕಲ್ ಹತ್ತಿರ ಹೋಗಲ್ಲ' ಎಂದರೆ 'ಹಾಗೆಲ್ಲ ಅನ್ನಬಾರದು, ಹೋಗು' ಎಂದು ತಳ್ಳಬೇಡಿ. ಆ ಅಂಕಲ್ ತಪ್ಪಿತಸ್ಥರೆಂದು ಅಲ್ಲಿಯೇ ತೀರ್ಮಾನಿಸುವುದೂ ಬೇಡ. ಮನೆಗೆ ಹೋದಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಗದರದೆ, ಅವಸರಪಡಿಸದೆ, ಅದು ಹೇಳುವುದನ್ನು ಪೂರ್ತಿ ಕೇಳಿ.