ನೆಗ್ರಿಟ್ಯೂಡ್: ಕವಿತೆಯಲ್ಲೇ ನಡೆದ ತತ್ತ್ವಚಿಂತನೆ

ಆಧುನಿಕ ಆಫ್ರಿಕನ್ ಕಾವ್ಯವನ್ನು ಕಲಿಸುವಾಗ ವಸ್ತುವನ್ನೂ ತಂತ್ರವನ್ನೂ ಬೇರೆಬೇರೆ ಇಟ್ಟು ನೋಡುವುದು ರೂಢಿ. ವಸಾಹತುಶಾಹಿ, ಪೂರ್ವಜರು, ತಾಯ್ನೆಲ ಇವು ವಸ್ತುಗಳು. ಪ್ರತಿಮೆ, ಪುನರಾವರ್ತನೆ, ಸಂಬೋಧನೆ ಇವು ತಂತ್ರಗಳು. ಹೀಗೆ ವಿಂಗಡಿಸಿದರೆ ನೆಗ್ರಿಟ್ಯೂಡ್ ಎಂಬ ತತ್ತ್ವ ಕೈಗೆ ಸಿಗದೆ ಜಾರಿಹೋಗುತ್ತದೆ. ಪ್ಯಾರಿಸ್ಸಿಗೆ ಓದಲು ಬಂದಿದ್ದ ಸೆನೆಗಲ್‌ನ ಲೆಯೊಪೋಲ್ಡ್ ಸೆಂಗೋರ್, ಮಾರ್ಟಿನಿಕ್‌ನ ಎಮೆ ಸೆಸೇರ್, ಫ್ರೆಂಚ್ ಗಯಾನಾದ ಲಿಯೋನ್ ದಮಾಸ್ ಸೇರಿ 1930ರ ದಶಕದಲ್ಲಿ ರೂಪಿಸಿದ ವಿಚಾರವಿದು. ಕರಿಯರ ಬದುಕು, ಕಲೆ, ನಂಬಿಕೆಗಳಿಗೆ ಸ್ವಂತ ಬೆಲೆಯಿದೆ, ಅದಕ್ಕೆ ಯುರೋಪಿನ ಒಪ್ಪಿಗೆಯ ಮುದ್ರೆ ಬೇಕಿಲ್ಲ ಎಂಬುದು ಅದರ ತಿರುಳು. ಈ ಮಾತನ್ನು ಅವರು ಗಟ್ಟಿಯಾಗಿ ಸಾಧಿಸಿ ತೋರಿಸಿದ್ದು ಕವಿತೆಯಲ್ಲಿ. ಆದ್ದರಿಂದ ಇಲ್ಲಿ ಕಾವ್ಯತಂತ್ರವೇ ವಾದ ಎಂಬುದು ನನ್ನ ನಿಲುವು.

ಕತ್ತಲೆಯ ಪ್ರತಿಮೆಯನ್ನೇ ನೋಡೋಣ. ಯುರೋಪಿನ ಭಾಷೆಗಳಲ್ಲಿ ಬೆಳಕು ಅರಿವಿಗೂ ಕಪ್ಪು ಪಾಪಕ್ಕೂ ಸಂಕೇತವಾಗಿ ಬೇರೂರಿವೆ. ವಸಾಹತು ಶಾಲೆಯಲ್ಲಿ ಫ್ರೆಂಚ್ ಕಲಿತ ಕರಿಯ ಹುಡುಗ ಆ ಸಂಕೇತಗಳನ್ನು ಬಳಸಿದಾಗಲೆಲ್ಲ ತನ್ನ ಮೈಬಣ್ಣದ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕಾಗುತ್ತದೆ. 1945ರಲ್ಲಿ ಬಂದ ಸೆಂಗೋರನ ಮೊದಲ ಸಂಕಲನದಲ್ಲಿ ರಾತ್ರಿಯೆಂಬುದು ನೆಮ್ಮದಿಯ ಹೊತ್ತು, ಪೂರ್ವಜರ ದನಿಗೆ ಕಿವಿಗೊಡುವ ಹೊತ್ತು. ಕಪ್ಪು ಹೆಣ್ಣನ್ನು ನೇರವಾಗಿ ಕರೆದು ಸ್ತುತಿಸುವ ಕವಿತೆಯಲ್ಲಿ ಕಪ್ಪೇ ಬದುಕಿನ ಬಣ್ಣ. ಬಣ್ಣಗಳ ಮೇಲುಕೀಳು ನಿಸರ್ಗ ಮಾಡಿಟ್ಟದ್ದಲ್ಲ, ಮನುಷ್ಯರು ಕಟ್ಟಿದ್ದು ಎಂಬುದನ್ನು ಪ್ರತಿಮೆಯ ಈ ತಿರುವೇ ತೋರಿಸಿಕೊಡುತ್ತದೆ. ಲಯದ ವಿಷಯವೂ ಹೀಗೆಯೇ. ಸೆಂಗೋರನ ಪ್ರಕಾರ ಆಫ್ರಿಕನ್ ಚಿಂತನೆಯಲ್ಲಿ ಇರುವಿಕೆ ಎಂದರೆ ಚಲಿಸುವ ಜೀವಶಕ್ತಿ. ಅದು ನಮ್ಮ ಇಂದ್ರಿಯಗಳನ್ನು ತಟ್ಟುವುದು ಲಯದ ಮೂಲಕ. ಅದಕ್ಕಾಗಿಯೇ ಅವನು ಹಲವು ಕವಿತೆಗಳ ತಲೆಯಲ್ಲಿ ಕೋರಾ, ಬಲಫೋನ್ ಮುಂತಾದ ಪಶ್ಚಿಮ ಆಫ್ರಿಕದ ವಾದ್ಯಗಳನ್ನು ಹೆಸರಿಸುತ್ತಾನೆ. ಸೆನೆಗಲ್‌ನ ಇನ್ನೊಬ್ಬ ಕವಿ ಬಿರಾಗೋ ದಿಯೋಪನ ಪ್ರಸಿದ್ಧ ಕವಿತೆಯಲ್ಲಿ ಸತ್ತವರು ನೀರಿನಲ್ಲಿ, ಬೆಂಕಿಯಲ್ಲಿ, ಮರದಲ್ಲಿ ಇದ್ದಾರೆ. ಅಲ್ಲಿ ಮತ್ತೆ ಮತ್ತೆ ಮರಳುವ ಸಾಲುಗಳು ಸತ್ತವರು ದೂರವಾಗಿಲ್ಲ ಎಂಬ ನಂಬಿಕೆಯನ್ನು ಓದುಗನ ಅನುಭವಕ್ಕೇ ತರುತ್ತವೆ.

ಈ ತತ್ತ್ವಕ್ಕೆ ಬಂದ ಆಕ್ಷೇಪಗಳು ಹಗುರವಾದವಲ್ಲ. 1948ರಲ್ಲಿ ಸೆಂಗೋರ್ ಸಂಪಾದಿಸಿದ ಸಂಕಲನಕ್ಕೆ ಮುನ್ನುಡಿ ಬರೆದ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್, ನೆಗ್ರಿಟ್ಯೂಡ್ ಒಂದು ನಿರಾಕರಣೆಯ ಘಟ್ಟ, ಮುಂದೆ ಕರಗಿಹೋಗಬೇಕಾದದ್ದು ಎಂದ. ಹುಲಿ ತನ್ನ ಹುಲಿತನವನ್ನು ಸಾರಿಕೊಂಡು ತಿರುಗುವುದಿಲ್ಲ ಎಂಬುದು ನೈಜೀರಿಯಾದ ವೋಲೆ ಸೋಯಿಂಕಾನ ಟೀಕೆ. ಎಲ್ಲಕ್ಕಿಂತ ಬಲವಾದ ಆಕ್ಷೇಪಕ್ಕೆ ಸೆಂಗೋರನೇ ಎಡೆಮಾಡಿಕೊಟ್ಟ: ಭಾವ ಕರಿಯರದು, ತರ್ಕ ಗ್ರೀಕರದು ಎಂದು ಪಾಲು ಹಂಚಿದ. ಆಳುವವರು ಆಳಿಸಿಕೊಳ್ಳುವವರ ಬಗ್ಗೆ ಹೇಳಿಕೊಂಡು ಬಂದದ್ದೂ ಇದನ್ನೇ. ಈ ಹಂಚಿಕೆಯನ್ನು ಸಮರ್ಥಿಸಲಾಗದು. ಆದರೆ ಅದನ್ನು ಸುಳ್ಳಾಗಿಸುವ ಪುರಾವೆ ಈ ಕಾವ್ಯದೊಳಗೇ ಇದೆ. 1939ರ ಸೆಸೇರನ ನೀಳ್ಗವಿತೆಯಲ್ಲಿ ನಿರೂಪಕ ಟ್ರಾಮಿನಲ್ಲಿ ಒಬ್ಬ ಬಡ ಕರಿಯನನ್ನು ಕಂಡು, ನಗುವವರ ಜೊತೆ ತಾನೂ ನಗುತ್ತಾನೆ. ಮರುಗಳಿಗೆ ತನ್ನ ಹೇಡಿತನವನ್ನು ತಾನೇ ವಿಚಾರಣೆಗೆ ಒಳಪಡಿಸುತ್ತಾನೆ. ಆ ಕವಿತೆಯಲ್ಲಿ ಲಯದ ಆವೇಶವೂ ಆತ್ಮವಿಮರ್ಶೆಯ ತರ್ಕವೂ ಒಂದೇ ಉಸಿರಿನವು. ಸಾರ್ತ್ರನಿಗೆ ಉತ್ತರ ಕೊಟ್ಟವನು ಮಾರ್ಟಿನಿಕ್‌ನ ಚಿಂತಕ ಫ್ರಾಂಟ್ಜ್ ಫಾನನ್. ಬದುಕಿ ಅನುಭವಿಸುತ್ತಿರುವವನಿಗೆ ಇದು ಬರೀ ಘಟ್ಟ ಎನ್ನುವುದು ಅವನ ಕಾಲ ಕೆಳಗಿನ ನೆಲ ಕಿತ್ತುಕೊಂಡಂತೆ ಎಂಬ ಅರ್ಥದಲ್ಲಿ 1952ರಲ್ಲಿ ಅವನು ವಾದಿಸಿದ. ಸೋಯಿಂಕಾ ಕೂಡ ಯೊರುಬಾ ದೈವ ಓಗುನ್‌ನನ್ನು ಕಾವ್ಯದ ಕೇಂದ್ರಕ್ಕೆ ತಂದು, ಸೃಷ್ಟಿ ಮತ್ತು ನಾಶದ ಬಗೆಗಿನ ಚಿಂತನೆಯನ್ನು ಪುರಾಣದ ಮೂಲಕವೇ ನಡೆಸಿದ. ಅವನು ಬಿಟ್ಟದ್ದು ಘೋಷಣೆಯನ್ನು, ಸ್ವಂತ ನೆಲದ ಚಿಂತನಕ್ರಮವನ್ನಲ್ಲ.

ಫ್ರೆಂಚಿನಲ್ಲಿ ಬರೆದದ್ದು ಆಫ್ರಿಕದ್ದು ಹೇಗಾದೀತು ಎಂಬ ಪ್ರಶ್ನೆ ಉಳಿಯುತ್ತದೆ. ನ್ಯಾಯವಾದ ಪ್ರಶ್ನೆ. ಉಗಾಂಡದ ಒಕೋಟ್ ಪಿ'ಬಿಟೆಕ್ ತನ್ನ ‘ಲಾವಿನೋಳ ಹಾಡ’ನ್ನು ಮೊದಲು ಅಚೋಲಿ ಭಾಷೆಯಲ್ಲೇ ಬರೆದ, ಅದರ ಇಂಗ್ಲಿಷ್ ರೂಪ 1966ರಲ್ಲಿ ಬಂತು. ಪಾಶ್ಚಾತ್ಯ ರೀತಿನೀತಿಗೆ ಮಾರುಹೋದ ಗಂಡನನ್ನು ಹೆಂಡತಿ ಹಾಡಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆದರೆ ಅಲ್ಲಿಯೂ ಕೆಲಸ ಮಾಡುವುದು ಸಂಬೋಧನೆಯೇ: ಎದುರಿಗೆ ಒಬ್ಬನನ್ನು ನಿಲ್ಲಿಸಿಕೊಂಡು, ಅವನು ಉತ್ತರ ಕೊಡಲೇಬೇಕಾದಂತೆ ಮಾತಾಡುವುದು. ಉತ್ತರವಾಗಿ ಗಂಡ ಒಚೋಲ್‌ನ ಹಾಡನ್ನೂ ಒಕೋಟ್ ಮುಂದೆ ಬರೆದ. ಭಾಷೆ ಯಾವುದೇ ಇರಲಿ, ಈ ಕವಿಗಳು ತತ್ತ್ವವನ್ನು ಹೀಗೆ ಸಂವಾದಕ್ಕೆ ಒಡ್ಡಿದರು. ಆಫ್ರಿಕದಲ್ಲಿ ತತ್ತ್ವಶಾಸ್ತ್ರವಿತ್ತೇ ಎಂದು ಕೇಳುವವರು ಗ್ರಂಥಗಳ ಕಪಾಟಿನಲ್ಲಿ ಮಾತ್ರ ಹುಡುಕಿದರೆ ಸಾಲದು. ಈ ಕವಿತೆಗಳ ಲಯ, ಕರೆ, ಪುನರಾವರ್ತನೆಗಳನ್ನು ವಾದವೆಂದೇ ಓದಿ, ಒಪ್ಪಬೇಕು ಇಲ್ಲವೇ ಎದುರಾಡಬೇಕು.